ಬೈ

ಸ್ಕೋರು ಪುಸ್ತಕದಲ್ಲಿ ಕೀಪರನಿಗೆ ಸಿಗುವುದು
ಹೆಸರಿನ ಪಕ್ಕ ಒಂದು ಪುಟ್ಟ ಶಿಲುಬೆ,
ಪುಟದ ಬುಡದಲ್ಲಿ ಒಂದು ಖಾನೆ: ಬೈ.
ಕ್ಯಾಚು ಹಿಡಿದರೆ ಔಟಾದವನ ಸಾಲಿಗೆ ಹೋಗುತ್ತದೆ.
ಸುಮ್ಮನೆ ಹಿಡಿದ ಚೆಂಡಿಗೆ ಖಾನೆಯಿಲ್ಲ,
ಬಿಟ್ಟದ್ದಕ್ಕಿದೆ.
ಇಂಗ್ಲಿಷಿನವರು ಯಾಕೆ ಹಾಗೆ ಕರೆದರೋ ಗೊತ್ತಿಲ್ಲ,
ನಮ್ಮ ಹಾಸನದಲ್ಲಿ ಬೈ ಅಂದರೆ ಬೈಯುವುದೇ.

ಚೆಲುವರಾಜುವಿನ ಮೊದಲ ಮ್ಯಾಚು ನನ್ನ ಕೈಬರಹದಲ್ಲಿದೆ.
ಮ್ಯಾಟು ಹಾಸಿದ ಪಿಚ್ಚು, ಮೂಲೆಯ ಮೊಳೆ ಕಿತ್ತಿತ್ತು.
ಯಾರದೋ ಹಳೇ ಗ್ಲೌಸು, ಬೆರಳಿಗೊಂದೊಂದು ಉಂಡೆ ಹತ್ತಿ.
ಬೈ ಇಪ್ಪತ್ತಮೂರು.
ಪೆನ್ಸಿಲನ್ನು ಎರಡು ಸಲ ಚೂಪು ಮಾಡಿಕೊಂಡೆ.
ಸ್ಲಿಪ್ಪಿನಲ್ಲಿದ್ದ ಬ್ಯಾಂಕಿನ ಸಾಹೇಬರು
"ಏನಯ್ಯಾ, ಗೇಟು ತೆಗೆದಿಟ್ಕೊಂಡೇ ಕೂತಿದ್ದೀಯಲ್ಲ" ಅಂದರು.
ಅವನು ತಿರುಗಿ ನೋಡಲಿಲ್ಲ. ಕೂತ.
ಎದ್ದ. ಮತ್ತೆ ಕೂತ.

ಕೂರುವುದು ಅವನಿಗೆ ಹೊಸದಲ್ಲ.
ಎಪಿಎಂಸಿ ಯಾರ್ಡಿಗೆ ಮೇ ತಿಂಗಳಲ್ಲಿ
ಜಲಂಧರದ ಲಾರಿಗಳು ಬಿತ್ತನೆ ಆಲೂಗಡ್ಡೆ ತಂದಿಳಿಸುವಾಗ
ಅವ್ವ ಸಾಕಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು
ದಿನಕ್ಕೆ ನಲವತ್ತು ಚೀಲ ಆರಿಸಿದವನು,
ಕಣ್ಣಿಂದಲ್ಲ, ಬೆರಳಿಂದ.
"ಹಿಸುಕ್ಬ್ಯಾಡ ಮಗಾ,
ಕೊಳ್ತಿದ್ರೆ ಅದೇ ಹೇಳ್ತದೆ, ಕೇಳಿಸ್ಕೋ."
ಕೋಚು ನೂರು ಸಲ ಕೂಗಿದ 'ಮೆತ್ತನೆ ಕೈ' ಅನ್ನುವುದು
ಒಂದು ಬೆಳಗ್ಗೆ ಅವನಿಗೆ
ಆಲೂಗಡ್ಡೆಯಾಗಿ ಅರ್ಥವಾಯಿತಂತೆ.

ಮುಂದಿನ ವರ್ಷ ಹದಿನಾಲ್ಕು ದಾಟಲಿಲ್ಲ.
ಅದರ ಮುಂದಿನ ವರ್ಷ ಒಂಬತ್ತು.
ಆಮೇಲೆ ಒಂದು ಭಾನುವಾರ, ಅರಸೀಕೆರೆಯವರ ಎದುರು,
ಮ್ಯಾಟು ಇನ್ನೂ ತೇವ, ಚೆಂಡು ಎಲ್ಲೆಲ್ಲೋ ಏಳುತ್ತಿತ್ತು,
ಐವತ್ತು ಓವರು. ಸೊನ್ನೆ.
ಯಾರಿಗಾದರೂ ಹೇಳೋಣವೆಂದು ಸುತ್ತ ನೋಡಿದೆ.
ಎಲ್ಲರೂ ಎಪ್ಪತ್ತು ಹೊಡೆದವನನ್ನು ಹೊತ್ತುಕೊಂಡಿದ್ದರು.
ಸೊನ್ನೆಯನ್ನು ಸ್ವಲ್ಪ ದುಂಡಗೆ ಬರೆದೆ, ಅಷ್ಟೇ.

ಬಲಗೈ ಉಂಗುರಬೆರಳು ಎರಡು ಸಲ ಮುರಿಯಿತು.
ಗೆಣ್ಣು ಶುಂಠಿಯ ಹಾಗೆ ಊದಿ ನಿಂತಿತು.
ಮದುವೆಯಲ್ಲಿ ಉಂಗುರ ಹತ್ತದೆ
ಪುರೋಹಿತರು ಕಿರುಬೆರಳಿಗೇ ಹಾಕಿಸಿ ಮಂತ್ರ ಮುಂದುವರಿಸಿದರು.
ಹೆಂಡತಿ ನಕ್ಕಳು. ಒಳ್ಳೆಯ ಹುಡುಗಿ.

ವಲಯದ ತಂಡಕ್ಕೆ ಕರೆ ಬಂತು. ಮೈಸೂರು.
ಎರಡು ವರ್ಷ ಎರಡನೇ ಕೀಪರು,
ಅಂದರೆ ನೀರಿನ ಬಾಟಲಿ, ಬಿಳಿ ಟೋಪಿ,
ಬೇರೆಯವರ ಒದ್ದೆ ಗ್ಲೌಸು ಬಿಸಿಲಿಗಿಡುವ ಕೆಲಸ.
ಮೊದಲನೆಯವನ ಹೊಟ್ಟೆ ಕೆಟ್ಟ ಒಂದು ಮಧ್ಯಾಹ್ನ
ಹದಿನೇಳು ಓವರು ನಿಂತ.
ಬೈ ಎರಡು.
ಆ ಪುಸ್ತಕ ನನ್ನದಲ್ಲ, ಬೇರೆಯವರ ಕೈಬರಹ.
ಚೆಂಡು ಕಾಲಿನಾಚೆ ಮೊಳದುದ್ದ ಹೋಗಿತ್ತೆಂದೂ
ಅಂಪೈರು ಕೈ ಚಾಚಲಿಲ್ಲವೆಂದೂ ಜೊತೆಯವರು ಹೇಳಿದರು.
ಅವನು ಹೇಳಿದ್ದು ಇಷ್ಟೇ:
"ನಂದೇ ಮೇಡಂ, ಒಂದು ಹೆಜ್ಜೆ ತಡವಾಯ್ತು."
ಮರುವರ್ಷದ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಈಗ ಮೂವತ್ಮೂರು. ಮತ್ತೆ ನಮ್ಮ ಎರಡನೇ ಡಿವಿಜನ್ನು.
ಯಾರ್ಡಿನಲ್ಲಿ ಮೇಸ್ತ್ರಿ, ಭಾನುವಾರ ರಜೆ.
ಕೂರುವಾಗ ಮಂಡಿ ಲಟಕ್ಕೆನ್ನುವುದು
ಟೆಂಟಿನಲ್ಲಿರುವ ನನಗೂ ಕೇಳುತ್ತದೆ, ಅಥವಾ ಕೇಳಿದಂತಾಗುತ್ತದೆ.
ಒಮ್ಮೆ ಕೇಳಿದ, ಒಟ್ಟು ಎಷ್ಟು ಮೇಡಂ ನಂದು ಬೈ?
ಹದಿಮೂರು ಪುಸ್ತಕ ಇಳಿಸಿ, ಧೂಳು ಕೊಡವಿ, ಕೂಡಿಸಲು ಕೂತೆ.
ಮುನ್ನೂರರ ಹತ್ತಿರ ಬಂದು ನಿಲ್ಲಿಸಿದೆ.
ಕಣ್ಣು ಚುಕ್ಕೆಗಳ ಮೇಲೆ ಹೋಗಿತ್ತು.
ರನ್ನಿಲ್ಲದ ಚೆಂಡಿಗೆ ನಾವು ಇಡುವ ಚುಕ್ಕೆ,
ಪುಟಪುಟಕ್ಕೂ, ರಾಗಿ ಚೆಲ್ಲಿದಂತೆ.
ಅದರಲ್ಲಿ ಎಷ್ಟು ಅವನ ಕೈಯೊಳಗೆ ಹೋಗಿ ಚುಕ್ಕೆಯಾದವೋ
ನನ್ನ ಪುಸ್ತಕ ಹೇಳುವುದಿಲ್ಲ.
ನೆನಪಿಲ್ಲ ಕಣೋ, ಲೆಕ್ಕ ತಪ್ಪಿತು ಅಂದೆ.

ಹೋದ ವಾರ ಒಂದು ಕ್ಯಾಚು ಬಿಟ್ಟ. ಬೈ ನಾಲ್ಕು.
ಮಧ್ಯಂತರದಲ್ಲಿ ನೀರಿಗೆ ಬಂದವನು
ನನ್ನ ಮೇಜಿನ ಪೆನ್ಸಿಲು ಎತ್ತಿ
ಆ ಸೊಟ್ಟ ಬೆರಳಿಂದ ಮೊನೆ ಮುಟ್ಟಿ ನೋಡಿ
"ಮೊಂಡಾಗಿದೆ ಮೇಡಂ" ಅಂತ ಇಟ್ಟು ಹೋದ.