ಉಳಿಸೋ ಗುಂಡಿ

ಹುಬ್ಬಳ್ಳಿ ಆರ್ಕೆಸ್ಟ್ರಾದ ಹುಡುಗ ಒಬ್ಬಾಂವ
ರಿಪೇರಿಗಂತ ಇಟ್ಟು ಹೋದ, ತಿರುಗಿ ಬರಲಿಲ್ಲ.
ಪಾವ್ ಕಿಲೋ ಪೇಡೆ ಡಬ್ಬಿಯಷ್ಟು ಪೆಡಲ್.
ಕಾಲಿಲೆ ಒತ್ತಿದರ ಕೇಳಿಸ್ಕೋತದ,
ಮತ್ತ ಒತ್ತಿದರ ಕೇಳಿದ್ದನ್ನಽ ಹೇಳ್ತದ,
ಸಾಕು ಅನ್ನೂತನಕ ಹೇಳ್ತದ,
ನಮ್ಮ ಸೋದರತ್ತಿ ಹಂಗ.

ಬೆಟಗೇರಿಯೊಳಗ ನನ್ನ ಅಂಗಡಿ.
ಗೋಡಿ ಆಚೆ ಏಕನಾಥಸಾ ಲದವಾನ ಕುಣಿಮಗ್ಗ:
ಲಾಳಿ ಹೋತು, ಲಾಳಿ ಬಂತು, ಹಲಿಗಿ ಬಡೀತು.
ಬೆಸುಗಿ ಆರಿದ ಮ್ಯಾಲ ಪರೀಕ್ಷಾ ಮಾಡಾಕಂತ
ಗೋಡಿಗೆ ಮೈಕ್ ಹಚ್ಚಿ ಒತ್ತಿದೆ.

ರಾತ್ರಿ ಎಂಟಕ್ಕ ಬಾಗಿಲದಾಗ ಏಕನಾಥಸಾ,
ಎಂಜಲಗೈ ಹಂಗಽ ಐತಿ:
"ನಾ ಎದ್ದು ಬಂದು ಅರ್ಧಾ ತಾಸಾತು,
ಒಳಗ ನೇಯಾಕತ್ತಾಂವ ಯಾರಪಾ?"

ಅದನ್ನಽ ಮೊದಲನೇ ವರ್ಷ ಅಂತ
ಈಗ ಕರಪತ್ರದಾಗ ಅಚ್ಚು ಹಾಕಸ್ತಾರ.
ಕೇಳಿದವರು ಇಬ್ಬರು,
ಅದರಾಗ ಒಬ್ಬಾಂವ ಹೆದರಿದ್ದ.

ಮರುವರ್ಷ ದಾವಲಸಾಬ ಬಂದ.
ಶಹನಾಯಿ ಬಿಟ್ಟು ಆರು ವರ್ಷ, ದಮ್ಮು.
ಒಂದು ಉಸಿರು ಊದಿದ. ಪೆಡಲ್ ಹಿಡಕೊಂತು.
ಕೆಮ್ಮಿದ, ನೀರು ಕುಡದ,
ಆ ಉಸಿರಿನ ಮ್ಯಾಲ ಇನ್ನೊಂದು ಉಸಿರು ಇಟ್ಟ.
ಹಿಂಗ ಏಳು.
ಕೇಳಾಕ ಹನ್ನೊಂದು ಮಂದಿ,
ನಾಕು ಮಂದಿ ಗಿರಮಿಟ್ಟಿಗೆ ಬಂದವರು,
ಅವರೂ ಪೊಟ್ಟಣ ಬಿಚ್ಚಲಿಲ್ಲ.

ಆಮ್ಯಾಲ ಮಗ್ಗದ ಮನಿ ಸಾಲಲಿಲ್ಲ,
ಹತ್ತಿ ಗೋದಾಮು ಹಿಡಿದ್ವಿ.
ಧಾರವಾಡದ ಮಂದಾಕಿನಿಬಾಯಿ ಕೇಳಿದರು,
"ತಂಬೂರಿಗೆ ಯಾರು?" ಪೆಡಲ್ ತೋರಿಸಿದೆ.
"ತೂಕಡಸೂದಿಲ್ಲಲ್ಲ? ನಡೀಲಿ."
ಕೊಲ್ಲಾಪುರದವರು ಬಂದರು, ಪುಣೆಯವರು ಬಂದರು,
ವೈರು ಸುರುಳಿ ಸುರುಳಿ, ಹಾವಾಡಿಗರ ಸಂತಿ.

ಐದನೇ ವರ್ಷ ನಡುರಾತ್ರಿ ಕರೆಂಟ್ ಹೋತು.
ಸವಣೂರ ಹುಡುಗಿ ಬರೇ ಬಾಯಿಲೆ ಕಟ್ಟಿದ್ದ
ಒಂಬತ್ತು ಪದರು ಒಮ್ಮೆಲೇ ಇಲ್ಲ.
ಕತ್ತಲಿಯಾಗ ಯಾರೋ ತೊಡಿ ತಟ್ಟಿದರು,
ಮಗ್ಗಲದವರು ಹಿಡಕೊಂಡರು,
ಸಮ್ ಎಲ್ಲೆಂತ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ
ಬೆಳತನಕ ರಾಜಿ ಆಗಲಿಲ್ಲ.

ಈಗ ಎಂಟನೇದು.
ರಾತ್ರಿ ಕಟ್ಟಿದ್ದು ರಾತ್ರಿಗೇ ಅಳಸಬೇಕು,
ಅದು ನಮ್ಮಲ್ಲಿ ನೇಮ.
ದೂರದವರು ಬಯಲು ಅಂತಾರ, ಶೂನ್ಯ ಅಂತಾರ,
ಪೆನ್ನು ಹಿಡಕೊಂಡು ನನ್ನ ಬಾಯಿ ನೋಡ್ತಾರ.
ನಾ ತಲಿ ಆಡಸ್ತೀನಿ.
ಖರೇ ಹೇಳಬೇಕಂದರ, ಆ ಪೆಡಲಿನ್ಯಾಗ
ನನಗ ರಿಪೇರಿ ಆಗಲಾರದ್ದು ಅದೊಂದಽ,
ಉಳಿಸೋ ಗುಂಡಿ.
ಬಿಡಿಭಾಗ ಮುಂಬಯಿಯೊಳಗೂ ಸಿಗಲಿಲ್ಲ.

ಏಕನಾಥಸಾನ ಆ ಸಂಜೀ ಲಾಳಿ?
"ಬಂದ್ ಮಾಡೋ ಮಾರಾಯಾ" ಅಂದಿದ್ದ, ಮಾಡಿದೆ.
ನಾಳೆ ಮತ್ತ ನೇಯ್ತಾನಲ್ಲ ಅಂತ.

ಮಗ್ಗ ಮಾರಿ ಹೋತು, ಕುಣಿ ಐತಿ.
ಗೋದಾಮಿಗೆ ಹೊರಡೂಕಿಂತ ಮೊದಲು
ಎಲ್ಲಾರೂ ಅಲ್ಲಿ ಸೇರ್ತೀವಿ.
ಅಂವ ಕುಣಿಯೊಳಗ ಕಾಲು ಇಳಿಬಿಟ್ಟು ಕುಂದರ್ತಾನ,
ಎಪ್ಪತ್ತೆಂಟು ವರ್ಷದ ಹೆಬ್ಬೆಟ್ಟು
ತುಳಿಗಿ ಹುಡುಕಿ ಗುಂಡಿ ಒತ್ತತದ.
ಯಾರೂ ಉಸುರು ಬಿಡೂದಿಲ್ಲ.
ಹೊರಗ ಓಣ್ಯಾಗ ಯಾವನೋ ಸ್ಕೂಟರ್ ಹಾಯ್ತದ.
ಮತ್ತ ಒತ್ತತಾನ. ಸ್ಕೂಟರ್ ಹಾಯ್ತದ,
ಸ್ಕೂಟರ್ ಹಾಯ್ತದ,
ಎಲ್ಲೂ ಮುಟ್ಟೂದಿಲ್ಲ.
ದಾವಲಸಾಬ ಪೀಪಿ ಒದ್ದಿ ಮಾಡಕೋತಾನ.