ಭಿಶಿ ರೊಕ್ಕದ ಹಡಗು

"ರೊಕ್ಕ ವಸೂಲಾತೇನಬೇ?"
ಜ್ವಾಳದ ಡಬ್ಬಿ ತಕ್ಕಡಿ ಮ್ಯಾಲಿಡೂಕಿಂತ ಮೊದಲ
ಕೇಳತಾಳ ಚೆನ್ನಮಲ್ಲವ್ವ.
ನಾ ಊರಿಗೆ ಬಂದು ಹದಿನೆಂಟು ದಿನ.
ಬೀಸಾಕ ಬಂದವರೆಲ್ಲಾ ಕೇಳತಾರ.
ಗಿರಣಿ ಬಾಯಿಗೆ ಜ್ವಾಳ ಸುರಿವಿ
ಸಪ್ಪಳದಾಗ ಕೇಳಿಸಲಿಲ್ಲ ಅಂತ
ಕೈ ಮಾಡ್ತೀನಿ.

ಹನ್ನೊಂದು ಮಂದಿ ಹೆಂಗಸರು, ಮೂರು ವರ್ಷದ ಭಿಶಿ.
ಬಂಗಾರ ಬ್ಯಾಡ, ಮಿಕ್ಸರ್ ಬ್ಯಾಡ,
ಈ ಸಲ ಹಡಗು ಅಂದಾಕಿ ನಾನ.
ಮುಂಬೈದಾಗ ನಿಂತಿತ್ತು ಅದು,
ನವನಗರದ ಒಂದು ಸೆಕ್ಟರ್ ಕಿತ್ತು
ನೀರಾಗ ಇಟ್ಟಂಗ, ಬಾಗಲಿಗೊಂದು ನಂಬರು.
ನಂಬರು ನೋಡಿ ಕಾಲು ಅಲ್ಲೇ ನಿಂತುವು:
ಬಾಗಲಕೋಟಿ ಹಳೇ ಊರಾಗ ನಮ್ಮ ಗ್ವಾಡಿಗೂ
ಕೆಂಪು ಬಣ್ಣದಾಗ ಬರದಿದ್ದರು ಒಂದು.
ಆಮ್ಯಾಲ ನೀರು ಬಂತು.

ಸುಳ್ಳ್ಯಾಕ ಹೇಳಲಿ, ಚಂದ ಇತ್ತು.
ಬಿಬಿಜಾನ್ ಐವತ್ತೆಂಟರಾಗ ಮೊದಲ ಸಲ
ಯಾರನ್ನೂ ಕೇಳದ ಇನ್ನೊಂದು ಐಸ್‌ಕ್ರೀಮ್ ತಿಂದಳು.
ಬಸಲಿಂಗವ್ವ ಕಂಬಿ ಹಿಡಕೊಂಡು
ಸಮುದ್ರಕ್ಕ ಏನೇನೋ ಬೈದಳು,
ಗಂಡಗ ಬೈಬೇಕಾಗಿದ್ದೆಲ್ಲಾ.
ನಕ್ಕು ನಕ್ಕು ನಾ ಅಲ್ಲೇ ಕುಂತಬಿಟ್ಟೆ.

ಆದರ ರಾತ್ರಿ, ಹಾಸಿಗಿ ಕೆಳಗ,
ಎಲ್ಲೋ ಏಳು ಅಂತಸ್ತು ಆಳದಾಗ
ಎಂಜಿನ್ನು.
ನಾ ಗಿರಣಿಯಾಕಿ. ಕರೆಂಟ್ ಹೋದಾಗ
ಡೀಸೆಲ್ ಮ್ಯಾಲ ಬೀಸಿದಾಕಿ.
ಲೀಟರಿಗೆ ಎಷ್ಟು ಸೇರು, ನನ್ನ ಕೈಗೇ ಗೊತ್ತು.
ಇದು ಇಷ್ಟು ಕುಡದು ಏನು ಬೀಸತೈತಿ?
ಬರೇ ನಮ್ಮನ್ನ ಹೊತಗೊಂಡು
ಒಂದು ಸುತ್ತು ಹಾಕಿ
ಹೊಂಟಲ್ಲಿಗೇ ಬರತೈತಿ.

ಮುಂಜಾನೆ ಬಾಲ್ಕನಿಯಾಗ ಒಣಹಾಕಿದ
ಇಳಕಲ್ ಸೀರಿ ಸೆರಗಿನ ಮ್ಯಾಲ
ಕರೀ ಎಳ್ಳು ಚೆಲ್ಲಿದಂಗ ಮಸಿ.
ಹಿಟ್ಟು ಎಲ್ಲಿಗೆ ಹೋತೋ ಗೊತ್ತಿಲ್ಲ,
ತೌಡಂತೂ ಇದ ಅಂದಕೊಂಡೆ.
ಮೂರು ಸಲ ಒಗದೀನಿ. ಹೋಗಿಲ್ಲ.

ಖೋಲಿ ಹಸನ ಮಾಡಾಂವನ ಹೆಸರು ತಪನ್.
ದಿನಾ ಸಂಜಿಗೆ ಟಾವೆಲ್ ಮಡಚಿ ಆನಿ ಮಾಡಿ
ಹಾಸಿಗಿ ಮ್ಯಾಲ ಕುಂಡ್ರಸ್ತಿದ್ದ.
ಸೊಂಡಿಲು ಬಿಚ್ಚಾಕ ಮನಸ್ಸಾಗದ
ಮೂರು ದಿನ ಸೆರಗಿಗೇ ಮಾರಿ ಒರಸಿಕೊಂಡೆ.
ಹರಕು ಹಿಂದಿಯೊಳಗ ಕೇಳಿದೆ:
ಸಮುದ್ರ ಹೆಂಗ ಕಾಣತೈತೋ ನಿನಗ?
"ನಮ್ಮ ಖೋಲಿಗೆ ಕಿಡಕಿ ಇಲ್ಲ, ಮಾಸಿ.
ಎಂಟು ತಿಂಗಳಾತು." ನಕ್ಕ.
ನಗೂದೂ ಅವನ ಪಗಾರದಾಗ ಬರತೈತಿ.
ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ.
ಬಾಗಲ ಹಿಂದ ನಿಂತು ತಿಂದ,
ಚೂರು ಬೀಳದಂಗ ಗದ್ದದ ಕೆಳಗ ಬೊಗಸಿ ಒಡ್ಡಿ.
ಬಿದ್ದರ ಬಳಿಯಾಂವ ಅವನ ಅಲ್ಲ?

ಮ್ಯಾಲ ಊಟದ ಹಾಲಿನ್ಯಾಗ
ಯಾರೂ ಮುಟ್ಟದ ಅನ್ನ ಕರೀ ಚೀಲ ತುಂಬಿ ಹೋಗತಿತ್ತು.
ಎಲ್ಲಿಗೆ? ಅಂದೆ.
"ಕೆಳಗ" ಅಂದ.

ಕೆಳಗ.
ನಮ್ಮ ಹಿನ್ನೀರಿನ ಕೆಳಗೂ
ನನ್ನ ಮೊದಲನೇ ಗಿರಣಿ ಕಟ್ಟಿ ಐತಿ.
ಬ್ಯಾಸಗ್ಯಾಗ ನೀರು ಇಳದರ
ಕಲ್ಲಿನ ಗುರತು ಹಿಡದು ಹೋಗಿ
ಸುಮ್ಮನ ನಿಂತು ಬರತೀನಿ.
ಆ ನೀರಿನಿಂದ ಯಾರೋ ಬಲ್ಬು ಹಚ್ಚತಾರ,
ಯಾರೋ ಕಬ್ಬಿಗೆ ಹಾಯಿಸತಾರ, ಹಾಯಿಸಲಿ.
ಅವರ ಮನ್ಯಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ಲ,
ತಪನ್ನನ ಊರು ನನಗ ಗೊತ್ತಿಲ್ಲದಂಗ.
ಮೂರು ದಿನದಾಗ ಕೇಳಾಕ ಮರತೆ.

ನಿನ್ನೆ ಒಬ್ಬ ಹುಡುಗ ಬಂದಿದ್ದ, ಕೈಯಾಗ ಕಾಗದ.
ಹಿನ್ನೀರಿನ್ಯಾಗ ದೋಣಿ ಬಿಡತಾರಂತ,
ಬಣ್ಣದ ಲೈಟು, ಹಾಡು, ಊಟ.
"ನಿಮ್ಮ ಹಳೇ ಗಿರಣಿ ಮ್ಯಾಲೇ ಹಾಯತೈತಿ, ಅಜ್ಜಿ."
ಬೈಬೇಕಂತ ಬಾಯಿ ತಗದೆ.
"ಟಿಕೀಟ್ ಎಷ್ಟಪಾ?" ಅಂತ ಬಂತು.

ಗಿರಣಿ ನಿಂತೈತಿ.
ಚೆನ್ನಮಲ್ಲವ್ವನ ಹಿಟ್ಟು ಇನ್ನೂ ಬಿಸಿ ಐತಿ,
ಡಬ್ಬಿ ಬಾಯಿ ಮುಚ್ಚದ ಕೊಟ್ಟೆ.
"ಎಷ್ಟಾತು?" ಅಂದಳು.
ಬೀಸಿದ್ದರ ರೊಕ್ಕ ಹೇಳಿದೆ.
ಅಷ್ಟನ್ನ ಹೇಳಿದೆ.