ಎರಡು ಭೋಗ್ಯಗಳ ನಡುವೆ

ಮೂಡಲಪಾಳ್ಯದ ಈ ಮನೆಗೆ ಬಂದು ಹನ್ನೊಂದು ದಿನ.
ರಟ್ಟಿನ ಡಬ್ಬಗಳು ಇನ್ನೂ ಬಾಯಿ ಬಿಟ್ಟಿಲ್ಲ.
ಬಿಚ್ಚಿದ್ದು ಎರಡು ಬೆನ್ನುಚೀಲ ಮಾತ್ರ,
ಪೀಣ್ಯದ ಗಾರ್ಮೆಂಟ್ಸ್ ಮುಚ್ಚಿದ ವಾರ
ಉಳಿಕೆ ಬಟ್ಟೆಯಲ್ಲಿ ನಾನೇ ಹೊಲಿದವು.
ಇಂದುಧರನ ಚೀಲದ ಪಟ್ಟಿ ಒಮ್ಮೆ ಕಿತ್ತಿತು,
ನನ್ನದು ಕೀಳಲಿಲ್ಲ. ಇದನ್ನು ಅವನಿಗೆ
ದಿನಕ್ಕೊಮ್ಮೆಯಾದರೂ ನೆನಪಿಸುತ್ತೇನೆ.

ಹಳೇ ಓನರು ಭೋಗ್ಯದ ಎಂಟು ಲಕ್ಷ
ಎಣಿಸಿಕೊಟ್ಟ ಸಂಜೆ ಇವನು ಅಂದದ್ದು:
‘ಮುಂದಿನ ಮನೆ ಸಿಗೋವರೆಗೂ ನಮಗೆ ವಿಳಾಸ ಇಲ್ಲ.
ವಿಳಾಸ ಇಲ್ಲದವರು ಎಲ್ಲಿಗೆ ಬೇಕಾದರೂ ಹೋಗಬಹುದು.’
ತಕ್ಕಡಿ ರಿಪೇರಿಯವನ ಬಾಯಲ್ಲಿ ಇಂಥ ಮಾತು!
ಯಶವಂತಪುರದ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ
ಊರವರ ಮುಳ್ಳನ್ನೆಲ್ಲ ಮಧ್ಯಕ್ಕೆ ತಂದು ನಿಲ್ಲಿಸಿದವನು.

ಬೀರು, ಮಂಚ, ಫ್ರಿಜ್ಜು ಲಗ್ಗೆರೆಯ ನಾದಿನಿಯ ಶೆಡ್ಡಿಗೆ.
ನಾವು ಲಾವೋಸಿಗೆ.
ಆ ಊರಲ್ಲಿ ಮೂರು ರಾತ್ರಿ ಅಂದುಕೊಂಡೆವು,
ನಲವತ್ತೊಂದಾಯಿತು.

ಯಾಕೆ ಅಂತ ಈಗ ಜಗಳ.
‘ಕಾಲು ಉಳುಕಿತ್ತಲ್ಲ’ ಅನ್ನುತ್ತಾನೆ.
ಉಳುಕು ಹತ್ತು ದಿನಕ್ಕೇ ಇಳಿದಿತ್ತು, ಮಹರಾಯ.
ಆಮೇಲೆ ಕುಂಟಿದ್ದು ನಾನು ನೋಡುವಾಗ ಮಾತ್ರ.
ನಾನೂ ಏನೂ ತಿಳಿಯದವಳ ಹಾಗೆ
ದಿನಾ ಪಟ್ಟಿ ಸುತ್ತಿದೆ.

ನದಿಯ ಹೆಸರು ನಮ್ ಊ.
ಯಾರೋ ‘ನಮ್ ಊರು’ ಅನ್ನಲು ಹೊರಟು
ಕೊನೆಯ ಅಕ್ಷರ ನುಂಗಿಕೊಂಡ ಹಾಗೆ.
ಬೆಳಿಗ್ಗೆ ಹತ್ತರವರೆಗೂ ಮಂಜು,
ಎದುರು ದಡ ಇದೆಯೋ ಇಲ್ಲವೋ
ನಂಬಿಕೆಯ ಮೇಲೆ ನಡೆಯುತ್ತಿತ್ತು.

ಎಲ್ಲ ಚೆಂದವೇನಲ್ಲ. ಇಪ್ಪತ್ತನೆಯ ದಿನ
ಒಬ್ಬರಿಗೊಬ್ಬರು ಸಾಕಾಗಿ
ಸೇತುವೆಯ ಆ ತುದಿಗೆ ಅವನು, ಈ ತುದಿಗೆ ನಾನು.
ಮಧ್ಯೆ ಒಂದು ನಾಯಿ,
ಎರಡೂ ಕಡೆಗೆ ಬಾಲ ಅಲ್ಲಾಡಿಸುತ್ತಾ.
ಹುಣಸೆ ನೀರು ಕುದಿಯುವ ವಾಸನೆಗೆ
ಅವತ್ತು ಅತ್ತಿದ್ದೆ. ಅವನಿಗೆ ಹೇಳಿಲ್ಲ.

ಉಳಿದುಕೊಂಡ ಮನೆಯ ಮುದುಕಿ ಒಮ್ಮೆ
ನನ್ನ ಹೊಟ್ಟೆ ತೋರಿಸಿ, ಕೈಯನ್ನು ಮೊಣಕಾಲ ಎತ್ತರಕ್ಕೆ ಹಿಡಿದು
ಕಣ್ಣಲ್ಲೇ ಕೇಳಿದಳು: ಎಷ್ಟು?
ಇಲ್ಲ ಅಂತ ತಲೆ ಆಡಿಸಿದೆ.
ಡಾಕ್ಟರ ಹೆಸರು, ಹರಕೆ, ತಂಗಿಯ ಮಗುವಿನ ಮಾತು
ಯಾವುದೂ ಬರಲಿಲ್ಲ. ಆ ಭಾಷೆಯಲ್ಲಿ
ಅವೆಲ್ಲ ಇದ್ದಾವು, ನನಗೆ ಬಾರದು ಅಷ್ಟೆ.
ಬಿದಿರು ಬುಟ್ಟಿಯಿಂದ ಅಂಟನ್ನದ ಇನ್ನೊಂದು ಮುದ್ದೆ
ನನ್ನ ಅಂಗೈಗೆ ಒತ್ತಿದಳು.
ಬಿಸಿಯಿತ್ತು.

ಎಂಟರಲ್ಲಿ ಒಂದೂಮುಕ್ಕಾಲು ಅಲ್ಲಿ ಕರಗಿತು.
ಅದಕ್ಕೇ ಈ ಮನೆಗೆ ಒಂದು ಕೋಣೆ ಕಡಿಮೆ.
ನಾದಿನಿ ಬಂದವಳು ಹಾಲು, ಅಡುಗೆಮನೆ ಸುತ್ತಿ
‘ಇನ್ನೊಂದು ರೂಮೆಲ್ಲಿ ಅತ್ತಿಗೆ?’ ಅಂದಳು.
ನದಿಯ ದಂಡೆಯಲ್ಲಿದೆ ಅನ್ನಲಿಲ್ಲ,
ಕಾಫಿ ಕೊಟ್ಟೆ.
‘ಅಷ್ಟು ದಿನ ಏನೇನು ನೋಡಿದಿರಿ?’
ಇಂದುಧರ ಬಹಳ ಹೊತ್ತು ಯೋಚಿಸಿ ಅಂದ,
‘ದೋಣಿ.’

ವೀಸಾ ಮುಗಿಯುವ ಹಿಂದಿನ ದಿನ
ದೊಡ್ಡೂರಿನ ಕಚೇರಿಯಲ್ಲಿ ಇನ್ನಷ್ಟು ದಿನ ಕೇಳಿಕೊಂಡಾಗ
ಅಧಿಕಾರಿ ಕಾರಣ ಕೇಳಿದ.
ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು,
ಇಬ್ಬರಿಗೂ ಏನೂ ಹೊರಡಲಿಲ್ಲ.
ಅವನೇ ಏನೋ ಬರೆದುಕೊಂಡು ಮೊಹರು ಒತ್ತಿದ.
ಪಾಸ್‌ಪೋರ್ಟಿನಲ್ಲಿ ಆ ಸಾಲು ಈಗಲೂ ಇದೆ,
ನಮ್ಮ ಅಕ್ಷರಗಳ ದೂರದ ನೆಂಟರ ಹಾಗೆ
ದುಂಡಗೆ, ಓದಿಸಿಕೊಳ್ಳದೆ.

ರಾತ್ರಿ ಎರಡಕ್ಕೆ ಕಾವೇರಿ ನೀರು ಬಂತು.
ಕೆಳಗೆ ಸಂಪಿನೊಳಗೆ ಬೀಳುವ ಸದ್ದು.
ಮೋಟರು ಹಾಕಲು ಅವನು ಎದ್ದ.
ನಾನು ಮಲಗಿದ್ದೇನೆ ಅಂದುಕೊಂಡು
ಕತ್ತಲಲ್ಲಿ, ಡಬ್ಬಗಳ ನಡುವೆ ದಾರಿ ಮಾಡಿಕೊಂಡು,
ಕುಂಟುತ್ತಾ ಹೋದ.